ಪಂಡಿತರ ಕೈ ಕೆಟ್ಟ ವರ್ಷ

ಶೇಷಗಿರಿ ಪಂಡಿತರು ಭರಣಿಗಳ ಮಾತಿಗೆ ಕಿವಿಗೊಡುತ್ತಿದ್ದರು. ಚಾಮರಾಜಪೇಟೆಯಲ್ಲಿ ನಮ್ಮ ಎದುರು ಮನೆ ಅವರದು. ಹಿಂದಿನ ಕೋಣೆಯಲ್ಲಿ ಸೊಂಟದೆತ್ತರದ ಪಿಂಗಾಣಿ ಭರಣಿಗಳು ಭತ್ತದ ಹೊಟ್ಟಿನಲ್ಲಿ ಅರ್ಧ ಹೂತುಕೊಂಡು ಸಾಲಾಗಿ ನಿಂತಿರುತ್ತಿದ್ದವು. ಬೆಳಿಗ್ಗೆ ಸ್ನಾನ, ಸಂಧ್ಯಾವಂದನೆ ಮುಗಿಸಿ, ಹಣೆಗೆ ಅಂಗಾರ ಅಕ್ಷತೆ ಇಟ್ಟುಕೊಂಡು, ಒದ್ದೆ ಜುಟ್ಟನ್ನು ಗಂಟು ಹಾಕುತ್ತಾ ಅವರು ಆ ಕೋಣೆ ಹೊಗುವರು. ಒಂದೊಂದು ಭರಣಿಯ ಮುಂದೆಯೂ ಮಂಡಿಯೂರಿ, ಅದರ ಹೊಟ್ಟೆಗೆ ಬಲಗಿವಿ ಒತ್ತಿ, ಕಣ್ಣು ಮುಚ್ಚುವರು. ಎಡಗಿವಿ ಅವರಿಗೆ ಅಷ್ಟಾಗಿ ಕೇಳಿಸುತ್ತಿರಲಿಲ್ಲ. ಮನುಷ್ಯರು ಮಾತಾಡಿಸಿದರೆ ಮಾತ್ರ ತಪ್ಪದೆ ಆ ಎಡಗಿವಿಯನ್ನೇ ತಿರುಗಿಸುತ್ತಾರೆ ಎನ್ನುವುದು ಅವರ ಹೆಂಡತಿ ಜಾನಕಮ್ಮನವರ ದೂರು.

ಭರಣಿಗಳ ಒಳಗೆ ಇದ್ದದ್ದು ದ್ರಾಕ್ಷಾರಿಷ್ಟ. ಕಾಟನ್‌ಪೇಟೆಯ ಗ್ರಂಧಿಗೆ ಅಂಗಡಿಯಿಂದ ಒಣದ್ರಾಕ್ಷಿ ತರಿಸಿ, ಕಲ್ಲು ಕಡ್ಡಿ ಆರಿಸಿ, ದೊಡ್ಡ ಹಂಡೆಯಲ್ಲಿ ಕುದಿಸಿ, ಆರಿದ ಮೇಲೆ ಬೆಲ್ಲ ಕಲಸಿ, ಏಲಕ್ಕಿ ಲವಂಗ ಹಿಪ್ಪಲಿಯ ಪುಡಿಯ ಜೊತೆ ಹುದುಗು ಬರಿಸುವ ಧಾತಕಿ ಹೂ ಒಂದು ಬೊಗಸೆ ಹಾಕುತ್ತಿದ್ದರು. ಆಮೇಲೆ ಬಾಯಿಗೆ ಮುಚ್ಚಳವನ್ನು ಸಡಿಲವಾಗಿ ಇಟ್ಟುಬಿಟ್ಟರೆ ಅವರ ಕೆಲಸ ಮುಗಿಯಿತು, ಹೂವಿನ ಕೆಲಸ ಶುರುವಾಯಿತು. ಕೆಲವು ದಿನಗಳಲ್ಲಿ ಒಳಗಿನಿಂದ ಮೊರಮೊರ ಸದ್ದು ಬರುತ್ತದೆ. ವಾರಗಟ್ಟಲೆ ಹಾಗೆ ಮೊರೆದು ಒಂದು ದಿನ ನಿಂತುಹೋಗುತ್ತದೆ. ನಿಂತ ಮೇಲೆಯೇ ಬಾಯಿಗೆ ಬಟ್ಟೆ ಕಟ್ಟಿ ಜೇಡಿಮಣ್ಣು ಮೆತ್ತಬೇಕು. ಆ ನಿಲ್ಲುವ ದಿನವನ್ನು ಹಿಡಿಯುವುದಕ್ಕೇ ಅವರ ಬಲಗಿವಿ ಮೀಸಲಾಗಿತ್ತು.

ನಾನಾಗ ಬಸವನಗುಡಿಯ ಕಾಲೇಜೊಂದರಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಹೊಸದಾಗಿ ಕಲಿತದ್ದನ್ನು ಎದುರು ಸಿಕ್ಕವರ ಮೇಲೆಲ್ಲ ಪ್ರಯೋಗಿಸುವ ವಯಸ್ಸು. ಒಂದು ದಿನ ಪಂಡಿತರು ಒಂದು ಭರಣಿಯ ಮುಚ್ಚಳವನ್ನು ಸ್ವಲ್ಪ ಸರಿಸಿ, ಕಡ್ಡಿ ಗೀರಿ ಬಾಯಿಯ ಹತ್ತಿರ ಹಿಡಿದರು. ಕಡ್ಡಿ ಪಕ್ಕನೆ ಆರಿಹೋಯಿತು.

"ನೋಡಿದ್ಯಾ ಉಷಾ? ಒಳಗಿರೋರು ಇನ್ನೂ ಉಸಿರಾಡ್ತಾ ಇದಾರೆ."

"ಅದು ಕಾರ್ಬನ್ ಡೈಆಕ್ಸೈಡು ಪಂಡಿತರೇ. ಸಕ್ಕರೆ ಒಡೆದು ಅದೂ ಆಲ್ಕೋಹಾಲೂ ಆಗುತ್ತೆ."

"ಏನಾಗುತ್ತೆ ಅಂದೆ?"

"ಆಲ್ಕೋಹಾಲು."

ಅವರು ಕಿವಿಯಲ್ಲಿ ನೀರು ಹೊಕ್ಕವರ ಹಾಗೆ ತಲೆ ಕೊಡವಿದರು. "ಥೂ, ಬಿಡ್ತು ಅನ್ನು! ಹೆಂಡ ಮನುಷ್ಯ ಮಾಡೋದು, ಮೈಮರೀಲಿಕ್ಕೆ. ಅರಿಷ್ಟ ತಾನಾಗಿ ಹುಟ್ಟೋದು, ಮೈ ಹಿಡೀಲಿಕ್ಕೆ. ಎರಡೂ ಒಂದೇನಾ?"

ಈ ವಿಷಯದಲ್ಲಿ ಅವರ ಜೊತೆ ವಾದ ಮಾಡುವುದು ಸಾಧ್ಯವೇ ಇರಲಿಲ್ಲ. ಈರುಳ್ಳಿ ಮುಟ್ಟದ, ಕಾಫಿಯನ್ನೂ ಕುಡಿಯದ ಮನುಷ್ಯ. ಬಾರಿನ ಮುಂದೆ ನಡೆಯಬೇಕಾಗಿ ಬಂದರೆ ಶಲ್ಯದ ಸೆರಗನ್ನು ಮೂಗಿಗೆ ಹಿಡಿದು ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತಿದ್ದರು. ಮನೆಗೆ ಬಂದು ಹಿಂದಿನ ಕೋಣೆಯ ಬಾಗಿಲು ತೆಗೆದರೆ ಅಲ್ಲಿ ಅದೇ ವಾಸನೆ, ಏಲಕ್ಕಿ ಬೆರೆಸಿಕೊಂಡು ಕೂತಿರುತ್ತಿತ್ತು. ಅದು ಅವರ ಮೂಗಿಗೆ ಬಡಿಯುತ್ತಲೇ ಇರಲಿಲ್ಲ. ನಮ್ಮ ಬೀದಿಯ ಯಾರ ಮೂಗಿಗೂ ಬಡಿಯುತ್ತಿರಲಿಲ್ಲ ಅನ್ನಿ. ಬಾಣಂತಿಯರಿಗೆ, ಕೆಮ್ಮಿನ ಮುದುಕರಿಗೆ, ಏಕಾದಶಿ ಮಾಡಿ ನಿತ್ರಾಣವಾದ ವಿಧವೆಯರಿಗೆ, ಎಲ್ಲರಿಗೂ ಊಟವಾದ ಮೇಲೆ ಎರಡು ಚಮಚ. ಮಡಿಯಲ್ಲಿದ್ದವರೂ ಕುಡಿಯುತ್ತಿದ್ದರು. ಔಷಧಿಗೆ ಮೈಲಿಗೆ ಎಲ್ಲಿಯದು?

ಅವರ ಕೈಯಿಂದ ಒಂದು ಭರಣಿ ತಪ್ಪಿದ್ದು ನನಗೆ ಗೊತ್ತಿದ್ದಂತೆ ಒಂದೇ ಸಲ. ಮೈಸೂರಿನಲ್ಲಿ ತಂಗಿಯ ಮಗಳ ಮದುವೆ. ಹೊರಡುವ ಗಡಿಬಿಡಿಯಲ್ಲಿ, ಇನ್ನೂ ಮೊರೆಯುತ್ತಿದ್ದ ಭರಣಿಯೊಂದಕ್ಕೆ ಗಾಳಿಯಾಡದಂತೆ ಮಣ್ಣು ಮೆತ್ತಿ ಹೋದರು. ಮರುದಿನ ಮಧ್ಯಾಹ್ನ ಬೀದಿಯೆಲ್ಲ ನಡುಗುವ ಹಾಗೆ ಢಂ ಎಂದಿತು. ಪಕ್ಕದ ಮನೆಯ ನಂಜುಂಡಯ್ಯನವರು, ಬೀದಿಯ ಸುದ್ದಿಯೆಲ್ಲ ಮೊದಲು ತಮ್ಮ ಬಾಯಿಂದಲೇ ಹೊರಡಬೇಕು ಎನ್ನುವವರು, ಬನಿಯನ್ನಿನಲ್ಲೇ ಓಡಿಬಂದು "ಸಿಲಿಂಡರು! ಸಿಲಿಂಡರು ಹೋಯ್ತು! ಎಲ್ಲಾ ಆಚೆ ಬನ್ನಿ!" ಎಂದು ಕೂಗಿ, ತಮ್ಮ ಹೆಂಡತಿಯನ್ನು ಮಾತ್ರ ಒಳಗೇ ಮರೆತಿದ್ದರು. ಪಂಡಿತರು ಊರಿಂದ ಬಂದು, ಗೋಡೆಗೆಲ್ಲ ಸಿಡಿದಿದ್ದ ದ್ರಾಕ್ಷಿ ಸಿಪ್ಪೆಯನ್ನು ತಾವೇ ಕೂತು ಕೆರೆದರು. ಯಾರ ಮೇಲೂ ಸಿಡುಕಲಿಲ್ಲ. "ಅವಸರ ನಂದು, ಅದರದ್ದಲ್ಲ," ಎಂದರು ಅಷ್ಟೆ.

ಇನ್ನು ನಮ್ಮ ಅಪ್ಪನ ವಿಷಯ ಹೇಳಬೇಕು. ಅವರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು, ಶ್ರೀನಿವಾಸಮೂರ್ತಿ ಎಂದು ಹೆಸರು. ಬೆಳಗಿನ ಅಪ್ಪನಂಥ ಸಾಧು ಮನುಷ್ಯ ಇನ್ನೊಬ್ಬರಿರಲಿಲ್ಲ. ಕಚೇರಿ ಬಿಟ್ಟ ಮೇಲೆ ಮೆಜೆಸ್ಟಿಕ್‌ಗೆ ಬಂದು ಬಸ್ಸು ಬದಲಾಯಿಸಬೇಕಿತ್ತು. ಬಸ್ಸಿಗೆ ಮುಂಚೆ ಉಪ್ಪಾರಪೇಟೆಯ ಬಾರೊಂದು ಅವರನ್ನು ಕರೆಯುತ್ತಿತ್ತು. ಅವರು ಮನೆಗೆ ಬಂದು ಗಲಾಟೆ ಮಾಡಿದವರಲ್ಲ. ಗೋಡೆಗೆ ಎಡಗೈ ಊರಿ ಚಪ್ಪಲಿ ಬಿಡುವರು, ಯಾರ ಮುಖವನ್ನೂ ನೋಡದೆ ಮಲಗುವರು. ಅಮ್ಮ ಬಾಗಿಲು ಹಾಕಿ, ರೇಡಿಯೋ ಸ್ವಲ್ಪ ಜೋರಾಗಿ ಇಡುವಳು. ಆ ಮಾತು ನಮ್ಮ ಮನೆಯಲ್ಲಿ ಯಾರ ಬಾಯಿಂದಲೂ ಹೊರಟದ್ದಿಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ ಒಂದು ದಿನ ಅಪ್ಪ ಕಚೇರಿಯ ಮೆಟ್ಟಿಲ ಮೇಲೆ ರಕ್ತ ಕಾರಿಕೊಂಡರು. ಆಸ್ಪತ್ರೆಯ ಡಾಕ್ಟರು ಅಮ್ಮನನ್ನೂ ನನ್ನನ್ನೂ ಹೊರಗೆ ಕರೆದು, ಲಿವರ್ ಅರ್ಧ ಹೋಗಿದೆ, ಇನ್ನು ಮುಂದೆ ಕುಡಿದರೆ ಬದುಕಿಸಲು ನಮ್ಮಿಂದಾಗದು ಎಂದರು. ಅಪ್ಪ ಬಿಟ್ಟರು. ನಿಜವಾಗಿಯೂ ಬಿಟ್ಟರು. ಆದರೆ ಊಟ ಸೇರದು, ನಿದ್ದೆ ಬಾರದು, ಕೈ ನಡುಕ. ಅಮ್ಮ ಪಂಡಿತರ ಹತ್ತಿರ ಹೋಗಿ, "ಯಾಕೋ ಹಸಿವೇ ಇಲ್ಲ ಅಂತಾರೆ, ತುಂಬಾ ನಿತ್ರಾಣ," ಎಂದಳು. ಯಾಕೆ ಎಂದು ಅವಳು ಹೇಳಲಿಲ್ಲ, ಅವರು ಕೇಳಲಿಲ್ಲ. ಹಸಿವಿಲ್ಲದವರಿಗೆ ಕೊಡುವುದನ್ನೇ ಅಪ್ಪನಿಗೂ ಕೊಟ್ಟರು. ಹೆಂಡವನ್ನು ಕಣ್ಣೆತ್ತಿ ನೋಡದ ಇಬ್ಬರು ಸೇರಿ, ದೇವರಿಗೆ ಕೈ ಮುಗಿದು, ಅಪ್ಪನ ಕೈಗೆ ಮತ್ತೆ ಬಾಟ್ಲಿ ಕೊಟ್ಟಿದ್ದರು.

ಮೊದಮೊದಲು ಎಲ್ಲರಿಗೂ ಸಂತೋಷ. ಅಪ್ಪ ಎರಡು ಹಿಡಿ ಅನ್ನ ಹೆಚ್ಚು ಉಂಡರು, ನಡುಕ ನಿಂತಿತು, ಮಾತಾಡಿದರು. ಅಮ್ಮ ಪಂಡಿತರಿಗೆ ತೆಂಗಿನಕಾಯಿ ಹೋಳಿಗೆ ಮಾಡಿ ಕಳಿಸಿದಳು. ಆಮೇಲೆ ಬಾಟ್ಲಿ ಬೇಗ ಬೇಗ ಖಾಲಿಯಾಗತೊಡಗಿತು. ಖಾಲಿ ಬಾಟ್ಲಿ ಹಿಡಿದು ಎದುರು ಮನೆಗೆ ಅಪ್ಪನೇ ಹೋಗತೊಡಗಿದರು. ಒಂದು ಭಾನುವಾರ ಮಧ್ಯಾಹ್ನ ನಾನು ಅಡಿಗೆಮನೆಗೆ ಹೋದರೆ, ಅಪ್ಪ ಗೋಡೆಗೆ ಎಡಗೈ ಊರಿ ನಿಂತು, ಬಾಟ್ಲಿಯನ್ನೇ ಬಾಯಿಗೆ ಎತ್ತಿದ್ದರು. ಆ ನಿಲುವು ನನಗೆ ಗೊತ್ತಿತ್ತು.

ಸಂಜೆಯೇ ಎದುರು ಮನೆಗೆ ಹೋದೆ. ಪಂಡಿತರು ಜಗಲಿಯಲ್ಲಿ ಅಮೃತಬಳ್ಳಿ ಕತ್ತರಿಸುತ್ತಾ ಕೂತಿದ್ದರು.

"ಪಂಡಿತರೇ, ಅಪ್ಪನಿಗೆ ಇನ್ಮೇಲೆ ಅರಿಷ್ಟ ಕೊಡ್ಬೇಡಿ."

"ಯಾಕಮ್ಮಾ? ಗುಣ ಕಾಣ್ತಾ ಇದೆಯಲ್ಲ."

"ಅಪ್ಪ ಕುಡೀತಿದ್ರು."

"ಏನು ಕುಡೀತಿದ್ರು?"

ಅವರ ಮಾತಿನಲ್ಲೇ ಹೇಳಿದೆ. "ಹೆಂಡ. ಅದಕ್ಕೇ ಆಸ್ಪತ್ರೆ ಸೇರಿದ್ದು. ಈಗ ನಿಮ್ಮ ಅರಿಷ್ಟನ ಹಾಗೇ ಕುಡೀತಿದಾರೆ."

ಕತ್ತಿ ಕೆಳಗಿಟ್ಟರು. ಅವರ ಮುಖ ಕೆಂಪೇರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ನಮ್ಮ ತಾತನ ಕಾಲದಿಂದ ಬಂದ ಔಷಧಿ! ಅದನ್ನ ಹೆಂಡದ ಸಾಲಿಗೆ ಸೇರಿಸ್ತೀಯಾ? ನಾಲ್ಕು ಪುಸ್ತಕ ಓದಿದ ಮಾತ್ರಕ್ಕೆ..."

"ಹೆಸರು ಬೇರೆ ಇರಬಹುದು ಪಂಡಿತರೇ. ಅಪ್ಪನ ಲಿವರ್‌ಗೆ ಹೆಸರು ಗೊತ್ತಾಗಲ್ಲ."

ಹೇಳುವಾಗ ನನಗೆ ಅಳು ಬಂದುಬಿಟ್ಟಿತು. ಒಳಗಿನ ಹೊಸ್ತಿಲಲ್ಲಿ ನಿಂತಿದ್ದ ಜಾನಕಮ್ಮನವರು ಮೆಲ್ಲಗೆ ಹೇಳಿದರು: "ಏನೂಂದ್ರೆ, ಮಗು ಹೇಳೋದು ಸರಿಯಾಗೇ ಇದೆ. ಬಾಟ್ಲಿ ತಗೊಳೋವಾಗ ಅವರ ಕಣ್ಣು ನಾನೂ ನೋಡಿದೀನಿ. ಔಷಧಿ ತಗೊಳೋರ ಕಣ್ಣಲ್ಲ ಅದು."

ಪಂಡಿತರು ಕತ್ತರಿಸುತ್ತಿದ್ದ ಬಳ್ಳಿಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ನನ್ನ ಕಡೆಗೆ ಬಲಗಿವಿ ತಿರುಗಿಸಿ, "ಮೊದಲಿಂದ ಹೇಳು," ಎಂದರು. ಎಲ್ಲವನ್ನೂ ಹೇಳಿದೆ. ಉಪ್ಪಾರಪೇಟೆಯ ಬಾರು, ಮೆಟ್ಟಿಲು, ರಕ್ತ, ಡಾಕ್ಟರು. ಕೊನೆಗೆ, "ಇನ್ನು ಬಂದ್ರೆ ಇಲ್ಲ ಅಂದ್ಬಿಡಿ," ಎಂದೆ.

"ಅಷ್ಟು ಸುಲಭ ಅಲ್ಲಮ್ಮಾ. ನಿಮ್ಮಪ್ಪನೊಬ್ಬನಿಗೆ ಇಲ್ಲ ಅಂದ್ರೆ ಬೀದಿಗೆಲ್ಲ ಹೇಳಿದ ಹಾಗೆ. ಎಲ್ಲರಿಗೂ ಇಲ್ಲ ಅಂದ್ರೆ ಯಾರಿಗೂ ಏನೂ ಹೇಳಿದ ಹಾಗಾಗಲ್ಲ."

ಅವರ ಮಾತು ನನಗೆ ಅರ್ಥವಾದದ್ದು ಮರುದಿನ ಬೆಳಿಗ್ಗೆ. ಹಿಂದಿನ ಕೋಣೆಯಲ್ಲಿ ಅವರು ಭರಣಿಗಳ ಮಣ್ಣನ್ನು ಒಂದೊಂದಾಗಿ ಒಡೆದು, ಬಟ್ಟೆ ಬಿಚ್ಚಿ, ಬಾಯಿ ತೆರೆದಿಡುತ್ತಿದ್ದರು. ಎಲ್ಲವೂ ಮೊರೆತ ನಿಂತು ಹದವಾಗಿದ್ದ ಅರಿಷ್ಟ. ಕಿಟಕಿಯನ್ನೂ ಹಾರುಹೊಡೆದಿಟ್ಟಿದ್ದರು.

"ಗಾಳಿ ಬಿಟ್ಟರೆ ಏನಾಗುತ್ತೆ ಅಂತ ನಿಮ್ಮ ಪುಸ್ತಕದಲ್ಲಿ?"

"ಹುಳಿಯಾಗುತ್ತೆ. ಅಸೆಟಿಕ್ ಆಸಿಡ್ ಅಂತಾರೆ, ವಿನಿಗರ್."

"ನಮ್ಮಲ್ಲಿ ಶುಕ್ತ ಅಂತಾರೆ. ಕೆಟ್ಟ ಅರಿಷ್ಟದ ಹೆಸರು. ಒಡೆದು ಹೋದದ್ದುಂಟು, ಆದರೆ ಈ ಮನೇಲಿ ಇದುವರೆಗೂ ಒಂದು ಭರಣಿ ಶುಕ್ತ ಆಗಿರಲಿಲ್ಲ."

"ಮೋರಿಗೆ ಸುರಿದುಬಿಟ್ಟರೆ ಆಗಲ್ವಾ?"

"ಸುರಿದರೆ ಯಾಕೆ ಸುರಿದ್ರಿ ಅಂತ ಕೇಳ್ತಾರೆ. ಕೆಟ್ಟುಹೋಯ್ತು ಅಂದ್ರೆ ಯಾರೂ ಏನೂ ಕೇಳಲ್ಲ. ನಗ್ತಾರೆ, ಅಷ್ಟೆ. ನೀನು ಮಾತ್ರ ಬಾಯಿ ಬಿಡಬೇಡ."

ಆ ಮಳೆಗಾಲ ನಮ್ಮ ಬೀದಿಯೆಲ್ಲ ಉಕ್ಕಿದ ದೋಸೆಹಿಟ್ಟಿನ ವಾಸನೆ. ಎಲ್ಲರ ಮನೆಯಲ್ಲೂ ಸಣ್ಣ ನೊಣ. ಕೇಳಿದವರಿಗೆಲ್ಲ ಪಂಡಿತರು ಒಂದೇ ಉತ್ತರ ಕೊಟ್ಟರು: "ಕೈ ಕೆಟ್ಟಿದೆ. ವಯಸ್ಸಾಯ್ತು." ಅರಿಷ್ಟ ಮಾಡುವವರಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಶುಚಿ ತಪ್ಪಿದರೆ ಭರಣಿ ಹುಳಿಯುತ್ತದೆ ಎಂದು ಜನ ನಂಬಿದ್ದರು. ಪಂಡಿತರೇ ನಮಗೆಲ್ಲ ಹಾಗೆ ಹೇಳಿಕೊಟ್ಟಿದ್ದರು. ನಂಜುಂಡಯ್ಯನವರ ಬಾಯಿಗೆ ಒಳ್ಳೆಯ ಹಬ್ಬ. ಹುಳಿಯಾದದ್ದನ್ನು ಜಾನಕಮ್ಮನವರು ಮನೆಮನೆಗೂ ಹಂಚಿದರು, ಪಾತ್ರೆ ಉಜ್ಜುವುದಕ್ಕೆ. ಆ ಸಲದ ವರಮಹಾಲಕ್ಷ್ಮಿ ಹಬ್ಬಕ್ಕೆ ನಮ್ಮ ಬೀದಿಯ ತಾಮ್ರದ ಚೊಂಬುಗಳೂ ಹಂಡೆಗಳೂ ಹೊಳೆದಂತೆ ಮತ್ತೆಂದೂ ಹೊಳೆಯಲಿಲ್ಲ. ಹುಣಿಸೆಹಣ್ಣು ಇದರ ಮುಂದೆ ಏನೂ ಅಲ್ಲ ಎಂದು ಹೆಂಗಸರು ಹೊಗಳಿದರು. ಪಂಡಿತರು ಅದನ್ನು ಕೇಳಿ ನಕ್ಕರು. ನನಗೆ ನಗು ಬರಲಿಲ್ಲ.

ಬಾಟ್ಲಿ ಹಿಡಿದು ಬಂದ ಅಪ್ಪನಿಗೆ ಪಂಡಿತರು, "ಅರಿಷ್ಟ ಇಲ್ಲ ಮೂರ್ತಿಗಳೇ, ಎಲ್ಲ ಹುಳಿ. ನಿಮಗೆ ಕಷಾಯ ಮಾಡಿಕೊಡ್ತೀನಿ. ದಿನಾ ಸಂಜೆ ಇಲ್ಲೇ ಬಂದು ಬಿಸಿಬಿಸಿ ಕುಡೀಬೇಕು, ಮನೆಗೆ ಕೊಡಲ್ಲ," ಎಂದರಂತೆ. ನೆಲಬೇವು, ಅಮೃತಬಳ್ಳಿ, ವಾಸನೆಗೇ ಬಾಯಿ ಕಹಿಯಾಗುವಂಥದು. ಕಚೇರಿ ಬಿಟ್ಟು ಅಪ್ಪ ನೇರ ಅಲ್ಲಿಗೆ ಬರಬೇಕು. ಕಷಾಯ ಒಂದೇ ಗುಟುಕಿಗೆ ಮುಗಿಯುತ್ತಿತ್ತು. ಪಂಡಿತರು ಮುಗಿಯಗೊಡುತ್ತಿರಲಿಲ್ಲ. ಪೇಪರ್ ಓದಿಸುವರು, ಹಳೆಯ ಮೈಸೂರಿನ ಕಥೆ ತೆಗೆಯುವರು, ಚೌಕಾಬಾರ ಹಾಸುವರು. ಊಟದ ಹೊತ್ತಾಗುವವರೆಗೂ ಅಪ್ಪನನ್ನು ಏಳಗೊಡುತ್ತಿರಲಿಲ್ಲ. ಭರಣಿಗಳು ಬರಿದಾದ ಮೇಲೆ ಅವರ ಬಲಗಿವಿ ನಮ್ಮಪ್ಪನ ಪಾಲಿಗೆ ಬಂದಿತ್ತು.

ಒಂದು ಸಂಜೆ ಅಪ್ಪ ಬರಲಿಲ್ಲ. ಆರೂವರೆ ಆಯಿತು, ಏಳಾಯಿತು. ಪಂಡಿತರು ನಮ್ಮ ಮನೆ ಬಾಗಿಲಿಗೆ ಬಂದರು. ಕೈಯಲ್ಲಿ ಫ್ಲಾಸ್ಕ್.

"ಆ ಬಾರು ಎಲ್ಲಿದೆ ಅಂತ ನಿನಗೆ ಗೊತ್ತಾ ಉಷಾ?"

ಗೊತ್ತಿತ್ತು. ಅಮ್ಮನ ಜೊತೆ ಹೋಗಿ ಹೊರಗೆ ಕಾದದ್ದುಂಟು. ಇಬ್ಬರೂ ಆಟೋ ಹತ್ತಿದೆವು. ಉಪ್ಪಾರಪೇಟೆಯಲ್ಲಿ ಆಟೋ ನಿಂತಾಗ, "ನೀನು ಇಲ್ಲೇ ಕೂತಿರು," ಎಂದು ಹೇಳಿ ಪಂಡಿತರು ಒಳಗೆ ಹೋದರು. ಕಚ್ಚೆ ಪಂಚೆ, ಜುಟ್ಟು, ಹಣೆಯಲ್ಲಿ ಅಂಗಾರ ಅಕ್ಷತೆ. ಈ ಸಲ ಅವರು ಶಲ್ಯವನ್ನು ಮೂಗಿಗೆ ಹಿಡಿಯಲಿಲ್ಲ. ಬಾಗಿಲ ಪರದೆ ಅರ್ಧ ಸರಿದಿತ್ತು, ನನಗೆ ಎಲ್ಲ ಕಾಣಿಸುತ್ತಿತ್ತು. ಮೂಲೆಯ ಮೇಜಿನಲ್ಲಿ ಅಪ್ಪ, ಎದುರಿಗೆ ತುಂಬಿದ ಗ್ಲಾಸು. ಇನ್ನೂ ಮುಟ್ಟಿರಲಿಲ್ಲ, ನೋಡುತ್ತಾ ಕೂತಿದ್ದರು. ಒಳಗಿದ್ದವರೆಲ್ಲ ತಿರುಗಿ ನೋಡಿದರು. ಸಪ್ಲೈಯರ್ ಕಕ್ಕಾಬಿಕ್ಕಿಯಾಗಿ, "ಸ್ವಾಮೀ, ನಿಮಗೆ ಏನ್ ಕೊಡ್ಲಿ?" ಎಂದ.

"ಒಂದು ಲೋಟ ಕೊಡಪ್ಪ. ಖಾಲಿದು."

ಅವನು ತಂದುಕೊಟ್ಟ. ಪಂಡಿತರು ಅಪ್ಪನ ಎದುರು ಕೂತು, ಫ್ಲಾಸ್ಕಿನಿಂದ ಕಷಾಯ ಬಗ್ಗಿಸಿ, ಆ ಗ್ಲಾಸಿನ ಪಕ್ಕಕ್ಕೆ ಇಟ್ಟರು. "ಆರಿಹೋಗುತ್ತೆ ಮೂರ್ತಿಗಳೇ," ಎಂದದ್ದಷ್ಟೆ ನನಗೆ ಕೇಳಿಸಿತು. ಅಪ್ಪ ಎರಡನ್ನೂ ನೋಡಿದರು. ನಾನು ಆಟೋದ ಕಂಬಿಯನ್ನು ಹಿಡಿದುಕೊಂಡಿದ್ದೆ. ಕೊನೆಗೆ ಅಪ್ಪ ಕಷಾಯದ ಲೋಟ ಎತ್ತಿ, ಮುಖ ಕಿವುಚಿಕೊಂಡು ಕುಡಿದರು, ಎದ್ದರು. ಮೂವರೂ ಅದೇ ಆಟೋದಲ್ಲಿ ಹಿಂತಿರುಗಿದೆವು. ಮನೆ ಹತ್ತಿರ ಬಂದಾಗ ಪಂಡಿತರು, "ಒಳ್ಳೆ ಜಾಗವಪ್ಪಾ, ಫ್ಯಾನ್ ಚೆನ್ನಾಗಿದೆ," ಎಂದರು. ಅಪ್ಪ ನಕ್ಕುಬಿಟ್ಟರು. ಅಪ್ಪ ನಕ್ಕದ್ದನ್ನು ಕೇಳಿ ಎಷ್ಟೋ ಕಾಲವಾಗಿತ್ತು.

ಮತ್ತೆ ಅಪ್ಪ ಅತ್ತ ಹೋಗಲಿಲ್ಲ. ಪಂಡಿತರು ಮತ್ತೆ ಅರಿಷ್ಟ ಮಾಡಲಿಲ್ಲ. ಜನ ಕಂಪನಿಗಳ ಬಾಟ್ಲಿ ಕೊಳ್ಳುವುದನ್ನು ಕಲಿತರು. ಲೇಹ್ಯ ಚೂರ್ಣಗಳಿಗೂ ಅವರ ಬಾಗಿಲಿಗೆ ಬರುವವರು ಕಡಿಮೆಯಾದರು. ಕೈ ಕೆಟ್ಟವರ ಹತ್ತಿರ ಯಾರು ಬರುತ್ತಾರೆ? ಭರಣಿಗಳು ಉಪ್ಪಿನಕಾಯಿಗೆಂದು ಯಾರ ಯಾರ ಮನೆಗೋ ಹೋದವು. ನನಗೆ ಮದುವೆಯಾಗಿ ಮಲ್ಲೇಶ್ವರಕ್ಕೆ ಹೋದ ಮೇಲೂ, ತೌರಿಗೆ ಬಂದಾಗಲೆಲ್ಲ ಎದುರು ಜಗಲಿಯಲ್ಲಿ ಆ ಇಬ್ಬರು ಮುದುಕರು ಚೌಕಾಬಾರಕ್ಕೆ ಜಗಳವಾಡುತ್ತಿದ್ದರು. ಅಪ್ಪ ನಿವೃತ್ತರಾದರು, ಮೊಮ್ಮಗಳನ್ನು ಎತ್ತಿ ಆಡಿಸಿದರು. ಡಾಕ್ಟರು ಕೊಟ್ಟ ಗಡುವನ್ನೆಲ್ಲ ದಾಟಿ ಬದುಕಿದರು.

ಹೊಸ ಶತಮಾನ ಬಂದು ಕೆಲವು ವರ್ಷಗಳಾದ ಮೇಲೆ, ಒಂದು ಬೆಳಿಗ್ಗೆ ಪೂಜೆಗೆ ಕೂತ ಪಂಡಿತರು ಏಳಲಿಲ್ಲ. ವೈಕುಂಠ ಸಮಾರಾಧನೆಗೆ ಬೀದಿಯೆಲ್ಲ ಬಂದಿತ್ತು. ನಡುಮನೆಯಲ್ಲಿ ಎರಡು ಸಾಲು ಎಲೆ ಹಾಕಿದ್ದರು. ಅಪ್ಪನ ಪಕ್ಕದ ಎಲೆ ನಂಜುಂಡಯ್ಯನವರದು. ಹೆಂಗಸರು ಬಡಿಸುತ್ತಿದ್ದೆವು. ಸಾರು ಮುಗಿದು ಹುಳಿ ಬರುವ ಹೊತ್ತಿಗೆ ನಂಜುಂಡಯ್ಯನವರು ಎಲ್ಲರಿಗೂ ಕೇಳುವಂತೆ ಹೇಳಿದರು:

"ಒಳ್ಳೆ ಮನುಷ್ಯ, ಪಾಪ. ಆದ್ರೆ ಆ ವರ್ಷ ಕೈ ಕೆಟ್ಟಿತು ನೋಡಿ, ಆಮೇಲೆ ಚೇತರಿಸಿಕೊಳ್ಳಲೇ ಇಲ್ಲ. ಅಷ್ಟು ಭರಣಿ ಒಟ್ಟಿಗೆ ಹುಳೀಬೇಕು ಅಂದ್ರೆ ಸುಮ್ಮನೇನಾ? ಎಲ್ಲೋ ಶುಚಿ ತಪ್ಪಿರಬೇಕು."

ಯಾರೋ ಹೌದು ಹೌದು ಎಂದರು. ಅಪ್ಪ ಕೈಯಲ್ಲಿದ್ದ ತುತ್ತನ್ನು ಎಲೆಗೆ ಹಾಕಿ ಎದ್ದು ನಿಂತರು. ನಮ್ಮಲ್ಲಿ ಊಟದ ನಡುವೆ ಎಲೆ ಬಿಟ್ಟು ಏಳುವಂತಿಲ್ಲ. ಎದ್ದರೆ ಆ ಊಟ ಮುಗಿದಂತೆಯೇ. ಮತ್ತೆ ಆ ಎಲೆಗೆ ಕೂರುವಂತಿಲ್ಲ. ಬಡಿಸುವವರ ಕೈಗಳೆಲ್ಲ ನಿಂತವು.

"ಅವರ ಕೈ ಕೆಟ್ಟಿರಲಿಲ್ಲ," ಎಂದರು ಅಪ್ಪ. "ನಾನು ಕುಡುಕ ಆಗಿದ್ದೆ. ಸಾಯೋ ಹಾಗಾಗಿದ್ದೆ. ಅವರ ಅರಿಷ್ಟನೂ ಕುಡಿಯೋಕೆ ಶುರು ಮಾಡಿದ್ದೆ. ನನಗೆ ಸಿಗಬಾರದು ಅಂತ, ಅದೂ ಯಾರಿಗೂ ಗೊತ್ತಾಗಬಾರದು ಅಂತ, ಅವರೇ ಭರಣಿ ಬಾಯಿ ಬಿಚ್ಚಿ ಹುಳಿ ಮಾಡಿದ್ರು. ನನ್ನ ಮರ್ಯಾದೆ ಉಳಿಸೋಕೆ ತಮ್ಮದು ಕಳ್ಕೊಂಡ್ರು. ಬಾಟ್ಲಿ ಹಿಡ್ಕೊಂಡು ಹೋದಾಗ ಹಿಂದಿನ ಕೋಣೇಲಿ ಬಾಯಿ ಬಿಚ್ಚಿಟ್ಟ ಭರಣಿಗಳು ಕಂಡವು, ನನಗೆ ಅವತ್ತೇ ಗೊತ್ತಾಗಿತ್ತು. ಹೇಳೋಕೆ ಇಷ್ಟು ವರ್ಷ ಬಾಯಿ ಬರಲಿಲ್ಲ."

ನನ್ನ ಪಕ್ಕದಲ್ಲಿ ಪಲ್ಯದ ಪಾತ್ರೆ ಹಿಡಿದಿದ್ದ ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಂಜುಂಡಯ್ಯನವರು ತಲೆ ಎತ್ತಲಿಲ್ಲ. ಅಪ್ಪ ಎಂಜಲು ಕೈಯನ್ನು ಹಾಗೇ ಹಿಡಿದುಕೊಂಡು, ಯಾವ ಕಡೆ ಹೋಗಬೇಕೆಂದು ತಿಳಿಯದೆ ನಿಂತಿದ್ದರು.

ಒಳಗಿನ ಕೋಣೆಯಿಂದ ಜಾನಕಮ್ಮನವರು ಬಂದರು. ಅತ್ತು ಅತ್ತು ಮುಖ ಊದಿತ್ತು. ಅಪ್ಪನನ್ನು ಒಂದು ಕ್ಷಣ ನೋಡಿ, ನನ್ನ ಕಡೆ ತಿರುಗಿದರು.

"ಉಷಾ, ನಿಮ್ಮಪ್ಪನಿಗೆ ಕೈ ತೊಳೀಲಿಕ್ಕೆ ನೀರು ಕೊಡು. ಬೇರೆ ಎಲೆ ಹಾಕು," ಎಂದರು. "ಮೊದಲಿಂದ ಬಡಿಸಿ ಅವರಿಗೆ."